ಡ್ರೈವರ್ ಹೋಗಿದೆ ಅನ್ನುವ ಮುಂಚೆ

ಫೋನನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಫೋಟೋಗಳು ಕಾಣುತ್ತಿಲ್ಲ. ಯಾರನ್ನು ಕೇಳಿದರೂ ಒಂದೇ ಉತ್ತರ: "ಫೋನಿನ ಡ್ರೈವರ್ ಹೋಗಿದೆ." ಮೊನ್ನೆ ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಇದೇ ಮಾತು ಹೇಳಿ, ಕಾಫಿ ತೋಟದ ರೈಟರೊಬ್ಬರ ಫೋನನ್ನು ರೀಸೆಟ್ ಮಾಡಲು ಹೊರಟಿದ್ದರು. ಇಷ್ಟು ದಿನ ಕೇಳಿ ಸುಮ್ಮನಿದ್ದೆ, ಇನ್ನು ಆಗಲ್ಲ.

ಹೋಗಬೇಕಾದರೆ ಅದು ಫೋನಿನಲ್ಲಿ ಇರಬೇಕಲ್ವಾ? ಡ್ರೈವರ್ ಅಂದರೆ ಫೋನಿನ ಜೊತೆ ಮಾತಾಡಲು ಕಂಪ್ಯೂಟರ್ ಬಳಸುವ ಸಾಫ್ಟ್‌ವೇರ್, ಅದು ಇರುವುದು ಕಂಪ್ಯೂಟರಿನಲ್ಲಿ. ಒಂದು ಕಾಫಿ ತೋಟ ಅಂದುಕೊಳ್ಳಿ. ತೋಟದ ಸಾಹುಕಾರರಿಗೆ ಕನ್ನಡ ಬಿಟ್ಟು ಬೇರೆ ಬಾರದು, ಕೆಲಸಕ್ಕೆ ಬಂದವರು ಅಸ್ಸಾಮಿನವರು. ನಡುವೆ ನಿಂತು ಮಾತು ದಾಟಿಸುವ ಮೇಸ್ತ್ರಿಯೇ ಡ್ರೈವರ್, ಸಾಹುಕಾರರ ಕಡೆಯ ಆಳು. ಹಾಗಾಗಿ ಫೋನನ್ನು ಎಷ್ಟು ಸಲ ರೀಸೆಟ್ ಮಾಡಿದರೂ ಲ್ಯಾಪ್‌ಟಾಪಿನಲ್ಲಿ ಇಲ್ಲದ ಡ್ರೈವರ್ ಹುಟ್ಟಿಕೊಳ್ಳುವುದಿಲ್ಲ. ಹೋಗುವುದು ನಿಮ್ಮ ಫೋಟೋಗಳು ಮಾತ್ರ.

ಯಾವ ಫೋನಿಗೆ ಯಾವ ಡ್ರೈವರ್ ಅನ್ನುವುದನ್ನು ವಿಂಡೋಸ್ ಊಹೆ ಮಾಡುವುದಿಲ್ಲ. ಕೇಬಲ್ ತಗುಲಿದ ಕೂಡಲೇ ಫೋನು ಎರಡು ಸಂಖ್ಯೆ ಹೇಳುತ್ತದೆ: ತಯಾರಕರದ್ದು ವಿಐಡಿ, ಸಾಧನದ್ದು ಪಿಐಡಿ. ಶಿಯೋಮಿಯ ವಿಐಡಿ 2717, ಗೂಗಲ್‌ನದ್ದು 18ಡಿ1. ಸಾಧನಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ಫೋನಿನ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡ್ಸ್ ಎಂದು ಹೋದರೆ ಈ ಸಂಖ್ಯೆಗಳು ಕಣ್ಣೆದುರೇ ಇರುತ್ತವೆ. ಅಷ್ಟು ನೋಡುವ ತಾಳ್ಮೆ ಯಾರಿಗೂ ಇಲ್ಲ ಅನ್ನುವುದೇ ನನ್ನ ತಕರಾರು.

ಅಲ್ಲಿ ವಿಐಡಿ 0000 ಎಂದಿದ್ದು, ಮೇಲೆ 'ಅನ್‌ನೋನ್ ಯುಎಸ್‌ಬಿ ಡಿವೈಸ್', ದೋಷದ ಕೋಡ್ 43 ಎಂದು ಕಂಡರೆ, ಫೋನಿಗೆ ತನ್ನ ಹೆಸರು ಹೇಳುವುದಕ್ಕೇ ಆಗಿಲ್ಲ ಎಂದರ್ಥ. ಹೆಸರೇ ಗೊತ್ತಿಲ್ಲದ ಮೇಲೆ ಯಾವ ಡ್ರೈವರ್ ಹಾಕುತ್ತೀರಿ? ಕೇಬಲ್ ಬದಲಿಸಿ, ಬೇರೆ ಪೋರ್ಟಿಗೆ ಹಾಕಿ, ಫೋನಿನ ಚಾರ್ಜಿಂಗ್ ಕಿಂಡಿಯಲ್ಲಿ ಕೂತ ಧೂಳು ತೆಗೆಯಿರಿ. ಕೋಡ್ 28 ಬಂದರೆ ಮಾತ್ರ ಡ್ರೈವರ್ ಇಲ್ಲ ಎಂದು ವಿಂಡೋಸ್ ತಾನೇ ಹೇಳುತ್ತಿದೆ.

ಏನೂ ಕಾಣುತ್ತಿಲ್ಲ, ಚಾರ್ಜ್ ಮಾತ್ರ ಆಗುತ್ತಿದೆ ಎಂದರೆ ಅದೂ ಕೇಬಲ್ಲೇ ಇರಬಹುದು. ಹಳೇ ಮಾದರಿ ಯುಎಸ್‌ಬಿ ಕೇಬಲ್‌ನಲ್ಲಿ ನಾಲ್ಕು ತಂತಿ: ಕರೆಂಟಿಗೆ ಕೆಂಪು ಮತ್ತು ಕಪ್ಪು, ಡೇಟಾಕ್ಕೆ ಬಿಳಿ ಮತ್ತು ಹಸಿರು. ಎಷ್ಟೋ ಅಗ್ಗದ ಕೇಬಲ್‌ಗಳಲ್ಲಿ ಆ ಬಿಳಿ, ಹಸಿರು ಇರುವುದೇ ಇಲ್ಲ. ಕೇಬಲ್ ಸರಿ ಇದ್ದರೂ 2015ರ ಆಂಡ್ರಾಯ್ಡ್ 6ರಿಂದ ಈಚೆಗೆ ಫೋನು ಮೊದಲು ಚಾರ್ಜಿಂಗ್ ಮಾತ್ರ ಎಂದೇ ಕೂರುತ್ತದೆ. ಪರದೆ ಮೇಲಿಂದ ಕೆಳಗೆ ಎಳೆದು 'ಫೈಲ್ ಟ್ರಾನ್ಸ್‌ಫರ್' ಒತ್ತಬೇಕು. ಮುಕ್ಕಾಲುಪಾಲು 'ಡ್ರೈವರ್ ಸಮಸ್ಯೆ' ಇಲ್ಲಿಗೆ ಮುಗಿಯುತ್ತದೆ.

ಫೋನಿನಿಂದ ಫೋಟೋ ತೆಗೆದುಕೊಳ್ಳುವುದಕ್ಕೆ ಬೇಕಾದ ಎಂಟಿಪಿ (ಫೈಲ್ ಸಾಗಿಸುವ ಪದ್ಧತಿ) ಡ್ರೈವರ್ ವಿಂಡೋಸ್ ಜೊತೆಗೇ ಬರುತ್ತದೆ. ಡೌನ್‌ಲೋಡ್ ಮಾಡುವ ಪ್ರಮೇಯವೇ ಇಲ್ಲ. 'ಎಲ್ಲಾ ಡ್ರೈವರ್ ಒಂದೇ ಕ್ಲಿಕ್ಕಿಗೆ' ಅನ್ನುವ ಸಾಫ್ಟ್‌ವೇರುಗಳಂತೂ ಬೇಡವೇ ಬೇಡ. ಲ್ಯಾಪ್‌ಟಾಪಿಗೆ ಇಲ್ಲದ ಕಾಯಿಲೆ ಅಂಟಿಸಿಕೊಳ್ಳುವುದಕ್ಕೆ ಅದಕ್ಕಿಂತ ಸುಲಭ ದಾರಿ ಇಲ್ಲ.

ಇನ್ನೊಂದು ಗೊಂದಲ. ಮೂಡಿಗೆರೆ, ಕೊಪ್ಪ ಕಡೆ ತೋಟದ ಆಫೀಸುಗಳಲ್ಲಿ ಬ್ರಾಡ್‌ಬ್ಯಾಂಡ್ ಕೈಕೊಟ್ಟರೆ ಫೋನಿನಿಂದಲೇ ಯುಎಸ್‌ಬಿ ಟೆದರಿಂಗ್ ಮಾಡುತ್ತಾರೆ, ಅಂದರೆ ಫೋನಿನ ಇಂಟರ್ನೆಟ್ಟನ್ನು ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಕೊಡುತ್ತಾರೆ. ಆಗ ಫೋಟೋಗಳ ಫೋಲ್ಡರ್ ಮಾಯವಾಗುತ್ತದೆ, "ಬೆಳಗ್ಗೆ ಇತ್ತು, ಈಗ ಡ್ರೈವರ್ ಹೋಯ್ತು" ಎಂದು ಶುರು. ಫೋನು ಮೋಡ್ ಬದಲಿಸಿದಾಗ ಸಾಮಾನ್ಯವಾಗಿ ಪಿಐಡಿಯನ್ನೂ ಬದಲಿಸುತ್ತದೆ. ವಿಂಡೋಸ್ ಕಣ್ಣಿಗೆ ಅದು ಈಗ ಬೇರೆಯೇ ಸಾಧನ, ನೆಟ್‌ವರ್ಕ್ ಕಾರ್ಡ್. ಅದಕ್ಕೆ ಡ್ರೈವರೂ ಬೇರೆ. ಟೆದರಿಂಗ್ ನಿಲ್ಲಿಸಿ ಮತ್ತೆ ಫೈಲ್ ಟ್ರಾನ್ಸ್‌ಫರ್ ಒತ್ತಿದರೆ ಫೋಲ್ಡರ್ ವಾಪಸ್.

ನಿಜಕ್ಕೂ ಡ್ರೈವರ್ ಹಾಕಬೇಕಾಗಿ ಬರುವುದು ಹೆಚ್ಚಾಗಿ ಆ್ಯಪ್ ಬರೆಯುವವರಿಗೆ, ಫೋನಿಗೆ ಸಾಫ್ಟ್‌ವೇರ್ ಹೊಡೆಯುವವರಿಗೆ. ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಸಾಧನವಾದ ಎಡಿಬಿಯನ್ನು ವಿಂಡೋಸ್‌ನಲ್ಲಿ ಬಳಸಲು ಪಿಕ್ಸೆಲ್ ಫೋನಾದರೆ ಗೂಗಲ್‌ನ ಯುಎಸ್‌ಬಿ ಡ್ರೈವರ್, ಬೇರೆಯವಾದರೆ ಆಯಾ ಕಂಪನಿಯದು. ಗೂಗಲ್‌ನ ಜಿಪ್ ಬಿಚ್ಚಿದವರು "ಇದರಲ್ಲಿ ಸೆಟಪ್ಪೇ ಇಲ್ಲ" ಎಂದು ಗೊಣಗುತ್ತಾರೆ. ಇರುವುದೂ ಇಲ್ಲ. ಒಳಗೊಂದು ಐಎನ್‌ಎಫ್ ಫೈಲ್ ಇದೆ, ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ: ಯಾವ ವಿಐಡಿ, ಪಿಐಡಿಗೆ ಈ ಡ್ರೈವರ್ ಎಂಬ ಪಟ್ಟಿ ಸಾಲಾಗಿ ಸಿಗುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ 'ಅಪ್‌ಡೇಟ್ ಡ್ರೈವರ್' ಒತ್ತಿ, ಬಿಚ್ಚಿದ ಫೋಲ್ಡರ್ ತೋರಿಸಿದರೆ ಸಾಕು. ನಿಮ್ಮ ಫೋನಿನ ಸಂಖ್ಯೆ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ವಿಂಡೋಸ್ ಆ ಡ್ರೈವರನ್ನು ಮುಟ್ಟುವುದಿಲ್ಲ.

ಇದೆಲ್ಲ ಆದಮೇಲೂ ಎಡಿಬಿಯಲ್ಲಿ 'ಅನ್‌ಆಥರೈಸ್ಡ್' ಎಂದು ಬಂದರೆ ದಯವಿಟ್ಟು ಡ್ರೈವರನ್ನು ಬೈಯಬೇಡಿ. ಆ ಸಾಲು ಬಂತೆಂದರೆ ಡ್ರೈವರ್ ಸರಿಯಾಗಿಯೇ ಇದೆ. ಈ ಕಂಪ್ಯೂಟರನ್ನು ನಂಬಲಾ ಎಂದು ಫೋನು ಪರದೆ ಮೇಲೆ ಕೇಳುತ್ತಿರುತ್ತದೆ. ಲಾಕ್ ತೆಗೆದು 'ಅಲೋ' ಒತ್ತಿ.