ಪಟ್ಟಿ ಬರೆದಿಡುತ್ತೇನೆ, ಕೆಲಸ ಮಾತ್ರ ಆಗುವುದಿಲ್ಲ. ಯಾವ ಆಪ್ ಹಾಕಿಕೊಳ್ಳಲಿ?

ಪ್ರಶ್ನೆ: ಮನೆ ಕೆಲಸ, ಆಫೀಸ್ ಕೆಲಸ ಎಲ್ಲ ಮರೆತುಹೋಗುತ್ತೆ ಅಂತ ಫೋನಿಗೆ ಒಂದು ಟು-ಡು ಆಪ್ ಹಾಕಿಕೊಂಡೆ. ಮೊದಲ ವಾರ ಉತ್ಸಾಹದಿಂದ ಎಲ್ಲ ಬರೆದೆ. ಮೂರನೇ ವಾರಕ್ಕೆ ಪಟ್ಟಿಯಲ್ಲಿ 47 ಕೆಲಸ. ಈಗ ಆ ಆಪ್ ತೆರೆಯುವುದಕ್ಕೇ ಬೇಜಾರು. ಇದಕ್ಕಿಂತ ಒಳ್ಳೆಯ ಆಪ್ ಯಾವುದಿದೆ?

ಉತ್ತರ: ಹೊಸ ಆಪ್ ಬೇಡ. ಫೋನಿನಲ್ಲಿ ಈಗಾಗಲೇ ಇರುವ ಕ್ಯಾಲೆಂಡರ್ ಒಂದು, ಯಾವುದಾದರೂ ಸಾದಾ ಪಟ್ಟಿ ಇನ್ನೊಂದು. ಅಷ್ಟು ಸಾಕು. ಯಾವುದರಲ್ಲಿ ಏನು ಬರೆಯುತ್ತೀರಿ ಅನ್ನುವುದೇ ಮುಖ್ಯ.

ನಮ್ಮಮ್ಮನ ಅಡುಗೆಮನೆಯ ಬಾಗಿಲ ಪಕ್ಕ ಒಂದು ಗೋಡೆ ಕ್ಯಾಲೆಂಡರ್ ಇರುತ್ತಿತ್ತು. ಮೊಳೆಗೆ ದಾರ ಕಟ್ಟಿ ಪೆನ್ಸಿಲ್ ತೂಗುಹಾಕಿದ್ದರು. ಹೊಸ ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಗುರುತು. ಹಾಲು ಬರದ ದಿನಕ್ಕೆ ಇಂಟು. ಚೀಟಿ ದುಡ್ಡು ಕಟ್ಟುವ ದಿನಕ್ಕೆ ಸುತ್ತು. ಆದರೆ ದಿನಸಿ ಪಟ್ಟಿ ಅದರಲ್ಲಿ ಇರುತ್ತಿರಲಿಲ್ಲ. ಅದು ಬೇಳೆ ಡಬ್ಬಿಯ ಕೆಳಗೆ, ಒಂದು ಹಳೆ ಲಕೋಟೆಯ ಹಿಂಭಾಗದಲ್ಲಿ. ದಿನಾಂಕ ಇರುವುದು ಗೋಡೆಗೆ, ಇಲ್ಲದ್ದು ಚೀಟಿಗೆ. ಯಾರೂ ಹೇಳಿಕೊಟ್ಟದ್ದಲ್ಲ. ಗೋಡೆಯ ಮುಂದೆ ದಿನಕ್ಕೆ ಇಪ್ಪತ್ತು ಸಲ ಓಡಾಡುತ್ತಿದ್ದರು, ಹಾಗಾಗಿ ಮರೆಯುವ ಪ್ರಶ್ನೆಯೇ ಇರಲಿಲ್ಲ.

ನಾವು ಫೋನಿನಲ್ಲಿ ಮಾಡುವುದೇನು? ಸ್ಕೂಟರ್ ಇನ್ಶೂರೆನ್ಸ್, ಹಸಿಮೆಣಸಿನಕಾಯಿ, ಬಾಸ್‌ಗೆ ಮೇಲ್, ತೂಕ ಇಳಿಸುವುದು, ಎಲ್ಲವನ್ನೂ ಒಂದೇ ಪಟ್ಟಿಗೆ ಸುರಿಯುತ್ತೇವೆ. ಹೀಗೆ ಸುರಿದರೆ 47 ಆಗದೆ ಇನ್ನೇನಾಗುತ್ತೆ!

ಮೊದಲು ದಿನಾಂಕ ಇರುವವನ್ನು ನೋಡೋಣ. ತಪ್ಪಿದರೆ ದುಡ್ಡು ಹೋಗುವುದು ಇಲ್ಲೇ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನನ್ನದೇ ಕತೆ ಕೇಳಿ. ಸ್ಕೂಟರ್ ಇನ್ಶೂರೆನ್ಸ್ ಮುಗಿದಿದ್ದು ಗೊತ್ತಾಗಿದ್ದು ನಾಲ್ಕು ತಿಂಗಳ ಮೇಲೆ. ಪಟ್ಟಿಯಲ್ಲಿ ಬರೆದಿದ್ದೆ, 'ಇನ್ಶೂರೆನ್ಸ್' ಅಂತ, ದಿನಾಂಕವಿಲ್ಲದೆ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ವರ್ಷಗಳಿಂದ ಕೂಡಿಬಂದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಇದ್ದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ನನ್ನದು ಹೋಯಿತು. ಪೊಲೀಸರ ಕೈಗೆ ಸಿಕ್ಕಿದ್ದರೆ ಮೊದಲ ಸಲಕ್ಕೇ 2,000 ರೂಪಾಯಿ ದಂಡ ಬೇರೆ.

ಹಾಗಾಗಿ ಒಂದು ಭಾನುವಾರ ಮಧ್ಯಾಹ್ನ ಬೀರುವಿನಲ್ಲಿರುವ ಫೈಲ್ ತೆಗೆದುಕೊಂಡು ಕೂತುಕೊಳ್ಳಿ. ವಾಹನದ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಎಲ್‌ಐಸಿ ಕಂತು, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಮನೆ ಕಂದಾಯ, ಎಫ್‌ಡಿ ಮುಗಿಯುವ ದಿನ. ಒಂದೊಂದನ್ನೂ ನೋಡಿ ಕ್ಯಾಲೆಂಡರಿಗೆ ಹಾಕಿ. ಗೂಗಲ್ ಕ್ಯಾಲೆಂಡರ್ ಆದರೆ ಪ್ರತಿ ವರ್ಷ ಮರುಕಳಿಸುವ ಹಾಗೆ ಇಡಬಹುದು, ಎರಡು ವಾರ ಮೊದಲೇ ನೆನಪಿಸು ಅಂತಲೂ ಹೇಳಬಹುದು. ಕೊನೆಯ ದಿನ ಬೆಳಿಗ್ಗೆ ಬರುವ ನೆನಪೋಲೆಯಿಂದ (ರಿಮೈಂಡರ್) ಏನೂ ಪ್ರಯೋಜನವಿಲ್ಲ. ಅವತ್ತೇ ಸರ್ವರ್ ಡೌನ್ ಆಗಿರುತ್ತೆ, ಅಲ್ವಾ?

ಎಷ್ಟು ಮೊದಲು ಅನ್ನುವುದು ಕೆಲಸದ ಮೇಲೆ ಹೋಗುತ್ತದೆ. ಪಾಸ್‌ಪೋರ್ಟಿಗೆ ಒಂದು ವರ್ಷ ಮೊದಲೇ ನೆನಪಾಗಬೇಕು, ಯಾಕೆಂದರೆ ಎಷ್ಟೋ ದೇಶಗಳು ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು ಅನ್ನುತ್ತವೆ. ಡ್ರೈವಿಂಗ್ ಲೈಸೆನ್ಸ್ ಮುಗಿಯುವ ಒಂದು ವರ್ಷ ಮೊದಲಿಂದಲೇ ಅರ್ಜಿ ಹಾಕಬಹುದು. ಮುಗಿದು ವರ್ಷ ದಾಟಿತೋ, ಮತ್ತೆ ಟೆಸ್ಟ್ ಕೊಡಬೇಕು. ನಲವತ್ತೈದು ವರ್ಷದವರು ಹದಿನೆಂಟರ ಹುಡುಗರ ಸಾಲಿನಲ್ಲಿ ನಿಂತು ಎಂಟು ಹಾಕುವುದು ಬೇಕಾ? ಎಲ್‌ಐಸಿ ತಿಂಗಳ ಕಂತಿಗೆ ಗಡುವಿನ ಮೇಲೆ 15 ದಿನ ಮಾತ್ರ ವಿನಾಯಿತಿ. ಮೂರು ತಿಂಗಳ, ಆರು ತಿಂಗಳ, ವರ್ಷದ ಕಂತಿನವರಿಗೆ 30 ದಿನ. ಬೆಂಗಳೂರಿನಲ್ಲಿ ಮನೆ ಇದ್ದರೆ ಆಸ್ತಿ ತೆರಿಗೆ ನೆನಪೋಲೆಯನ್ನು ಏಪ್ರಿಲ್ ಮೊದಲ ವಾರಕ್ಕೇ ಇಡಿ. ಆ ತಿಂಗಳಲ್ಲಿ ಪೂರ್ತಿ ಕಟ್ಟಿದವರಿಗೆ ಶೇ 5 ರಿಯಾಯಿತಿ ಕೊಡುತ್ತಾ ಬಂದಿದ್ದಾರೆ.

ನೆನಪೋಲೆ ಇಟ್ಟರೂ ಸದ್ದೇ ಬರಲಿಲ್ಲ ಅಂತ ಕೆಲವರು ಹೇಳುತ್ತಾರೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸುವ ಭರದಲ್ಲಿ ಆಪ್‌ಗಳನ್ನು ಹಿಂದಿನಿಂದ ಸುಮ್ನೆ ಮುಚ್ಚಿಬಿಡುತ್ತವೆ. ಸೆಟ್ಟಿಂಗ್ಸಿನಲ್ಲಿ ಬ್ಯಾಟರಿ ವಿಭಾಗಕ್ಕೆ ಹೋಗಿ, ಕ್ಯಾಲೆಂಡರ್ ಆಪ್‌ಗೆ ಮಾತ್ರ ಆ ಕಟ್ಟುಪಾಡು ತೆಗೆದುಬಿಡಿ. ಐದು ನಿಮಿಷ ಬಿಟ್ಟು ಬಡಿಯುವ ಒಂದು ನೆನಪೋಲೆ ಇಟ್ಟು ಪರೀಕ್ಷಿಸಿ.

ಇನ್ನು ದಿನಾಂಕವಿಲ್ಲದ ಕೆಲಸಗಳು. ನಿಮ್ಮ ಪಟ್ಟಿಯಲ್ಲಿ 'ಸ್ಟವ್' ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ಅದನ್ನು ನೋಡಿದಾಗಲೆಲ್ಲ ತಲೆ ಮತ್ತೆ ಮೊದಲಿನಿಂದ ಯೋಚಿಸಬೇಕು. ಏನಾಗಿತ್ತು? ಯಾರನ್ನು ಕರೆಯಬೇಕು? ನಂಬರ್ ಯಾರ ಹತ್ತಿರ ಇದೆ? ಇಷ್ಟರಲ್ಲಿ ಸುಸ್ತಾಗಿ ಮುಂದಿನ ಸಾಲಿಗೆ ಹೋಗುತ್ತೀರಿ. 'ಪಕ್ಕದ ಮನೆ ಆಂಟಿ ಹತ್ತಿರ ಸ್ಟವ್ ರಿಪೇರಿಯವರ ನಂಬರ್ ಕೇಳುವುದು' ಅಂತ ಬರೆದಿದ್ದರೆ ಅದು ಒಂದು ನಿಮಿಷದ ಕೆಲಸ. ಸಾಲಿನ ಕೊನೆಗೆ ಕೇಳುವುದು, ಕೊಡುವುದು, ತರುವುದು ಅಂತ ಏನಾದರೂ ಬರಲೇಬೇಕು ಅನ್ನುವುದು ನಾನು ಇಟ್ಟುಕೊಂಡ ನಿಯಮ.

ಇದರ ಬಗ್ಗೆ ಸಂಶೋಧನೆಯೂ ಆಗಿದೆ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಬ್ಲೂಮಾ ಜೈಗಾರ್ನಿಕ್ 1927ರಲ್ಲೇ ಬರೆದಿದ್ದರು. 2011ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಸಿಕಾಂಪೊ ಮತ್ತು ಬಾಮೈಸ್ಟರ್ ಇನ್ನೊಂದು ವಿಷಯ ತೋರಿಸಿದರು. ಬಾಕಿ ಕೆಲಸ ತಲೆ ಕೊರೆಯುವುದು ನಿಲ್ಲಬೇಕಾದರೆ ಅದು ಮುಗಿಯಲೇಬೇಕೆಂದಿಲ್ಲ. ಅದನ್ನು ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಯೋಚಿಸಿಟ್ಟರೂ ತಲೆ ಅದನ್ನು ಬಿಟ್ಟುಕೊಡುತ್ತದೆ. ಸುಮ್ನೆ 'ಸ್ಟವ್' ಅಂತ ಬರೆದರೆ ಈ ಯೋಚನೆ ಆಗಿಯೇ ಇಲ್ಲ.

ಎಷ್ಟು ಹೊತ್ತು ಬೇಕು ಅನ್ನುವ ಅಂದಾಜಿನಲ್ಲಂತೂ ನಾವೆಲ್ಲ ಮೋಸಹೋಗುತ್ತೇವೆ. 1994ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳನ್ನು ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ 34 ದಿನ ಎಂದರು. ಎಲ್ಲವೂ ಕೆಟ್ಟದಾಗಿಯೇ ನಡೆದರೆ? 49 ದಿನ ಎಂದರು. ನಿಜಕ್ಕೂ ಹಿಡಿದಿದ್ದು ಸುಮಾರು 55 ದಿನ! ನಾನಂತೂ ಅರ್ಧ ಗಂಟೆ ಅಂತ ಅನಿಸಿದ್ದಕ್ಕೆ ಒಂದು ಗಂಟೆ ಇಟ್ಟುಕೊಳ್ಳುತ್ತೇನೆ. ಬ್ಯಾಂಕಿಗೆ ಹೋಗುವುದಾದರೆ ಅರ್ಧ ದಿನ. ದಿನಕ್ಕೆ ಮೂರು ಕೆಲಸಕ್ಕಿಂತ ಹೆಚ್ಚು ಆರಿಸಿಕೊಳ್ಳುವುದಿಲ್ಲ.

ಪಟ್ಟಿಗೆ ಯಾವ ಆಪ್ ಅಂತ ಕೇಳಿದಿರಲ್ಲ? ನೀವು ದಿನಾ ತೆರೆಯುವುದು ಯಾವುದೋ ಅದು. ಗೂಗಲ್ ಟಾಸ್ಕ್ಸ್, ಗೂಗಲ್ ಕೀಪ್, ಮೈಕ್ರೋಸಾಫ್ಟ್ ಟು ಡು, ಐಫೋನಿನ ರಿಮೈಂಡರ್ಸ್, ಎಲ್ಲವೂ ಉಚಿತ, ಎಲ್ಲವೂ ಚೆನ್ನಾಗಿವೆ. ಟೈಪ್ ಮಾಡಲು ಸೋಮಾರಿತನವಾದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ, ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್ ಬರೆದುಕೊಳ್ಳುತ್ತೆ. ವಾಟ್ಸಾಪಿನಲ್ಲಿ ನಿಮಗೇ ನೀವು ಮೆಸೇಜ್ ಕಳಿಸಿಕೊಳ್ಳುವ ಸೌಲಭ್ಯವೂ ಇದೆ. ತರಾತುರಿಯಲ್ಲಿ ಗುರುತು ಹಾಕಿಕೊಳ್ಳುವುದಕ್ಕೆ ಅದು ಒಳ್ಳೆಯದು, ಆದರೆ ರಾತ್ರಿ ಅಲ್ಲಿಂದ ಪಟ್ಟಿಗೆ ದಾಟಿಸದಿದ್ದರೆ ಮೇಲಕ್ಕೆ ಹೋಗಿ ಕಣ್ಮರೆಯಾಗುತ್ತದೆ. ಒಂದೇ ಆಪ್‌ನ ಅಲಂಕಾರಕ್ಕೆ ತುಂಬ ಮನಸೋಲಬೇಡಿ. ವಂಡರ್‌ಲಿಸ್ಟ್ ಅಂತ ಬರ್ಲಿನ್‌ನವರ ಆಪ್ ಒಂದಿತ್ತು, ಲಕ್ಷಾಂತರ ಜನಕ್ಕೆ ಇಷ್ಟವಾಗಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, 2020ರ ಮೇ ತಿಂಗಳಲ್ಲಿ ಮುಚ್ಚಿತು. ಕಾಗದದ ಡೈರಿಯೇ ಇಷ್ಟ ಅಂದರೆ ಅದೂ ಸರಿಯೇ, ಅದಕ್ಕೆ ಅಪ್‌ಡೇಟ್ ಬರುವುದಿಲ್ಲ. ಕ್ಯಾಲೆಂಡರ್ ಮಾತ್ರ ಫೋನಿನಲ್ಲೇ ಇರಲಿ, ಡೈರಿ ಬಡಿದೆಬ್ಬಿಸುವುದಿಲ್ಲ.

ಈಗ ನಿಮ್ಮ 47 ಕೆಲಸಕ್ಕೆ ಬನ್ನಿ. ಮೊದಲು ದಿನಾಂಕ ಇರುವುದನ್ನೆಲ್ಲ ಕ್ಯಾಲೆಂಡರಿಗೆ ದಾಟಿಸಿ ಇಲ್ಲಿಂದ ಅಳಿಸಿ. ಅಂಗಡಿ ಸಾಮಾನಿಗೆ ಬೇರೆ ಪಟ್ಟಿ ಮಾಡಿ, ಮನೆಯವರ ಜೊತೆ ಹಂಚಿಕೊಳ್ಳಿ. ಕೀಪ್‌ನಲ್ಲಿ ಇದು ಸುಲಭ, ಆಫೀಸಿಂದ ಬರುವಾಗ ಯಾರು ಬೇಕಾದರೂ ನೋಡಿ ತರಬಹುದು. ಆಮೇಲೆ 'ಇಂಗ್ಲಿಷ್ ಸುಧಾರಿಸಬೇಕು', 'ವಾಕಿಂಗ್' ಇಂಥವು. ಅವು ಆಸೆಗಳು. ನಾಳೆ ಬೆಳಿಗ್ಗೆ ಆರಕ್ಕೆ ಪಾರ್ಕಿಗೆ ಅಂತ ಬರೆಯುವ ಮನಸ್ಸಿದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅಳಿಸಿ. ಎರಡು ತಿಂಗಳಿಂದ ಕೂತಿರುವುದನ್ನೂ ಧೈರ್ಯವಾಗಿ ತೆಗೆಯಿರಿ. ನಿಜವಾಗಿ ಬೇಕಾದ್ದಾದರೆ ಅದು ಮತ್ತೆ ಬಂದು ಬಾಗಿಲು ಬಡಿಯುತ್ತೆ. ಹದಿನೈದೋ ಇಪ್ಪತ್ತೋ ಉಳಿಯಬಹುದು. ಅದರಲ್ಲಿ ನಾಳೆಗೆ ಮೂರು ಆರಿಸಿ. ಸ್ಟವ್ ರಿಪೇರಿಯವರಿಗೆ ಫೋನ್ ಮಾಡುವುದು ಅದರಲ್ಲಿದ್ದರೆ ಬೆಳಿಗ್ಗೆ ಒಂಬತ್ತಕ್ಕೇ ಮಾಡಿಬಿಡಿ. ಹತ್ತಾದ ಮೇಲೆ ಅವರು ಇನ್ಯಾರದೋ ಅಡುಗೆಮನೆಯಲ್ಲಿ ಕೂತಿರುತ್ತಾರೆ, ಫೋನ್ ಎತ್ತುವುದಿಲ್ಲ.