ಹಾಸಿಗೆಯ ಬಳಿಗೆ ಬಂದ ಅರಸ: ಬ್ರೈಟನ್ನಿನ ಭಾರತೀಯ ಸೇನಾ ಆಸ್ಪತ್ರೆ, 1914–16

ಮೈಸೂರಿನಲ್ಲಿ ಮೊದಲನೆಯ ಮಹಾಯುದ್ಧದ ಮಾತು ಎತ್ತಿದರೆ ಅದು ಪ್ಯಾಲೆಸ್ತೀನಿನ ಹೈಫಾ ಬಂದರಿಗೆ ಹೋಗಿ ನಿಲ್ಲುತ್ತದೆ. ನಾಲ್ವಡಿಯವರು ಯುದ್ಧನಿಧಿಗೆ ಕೊಟ್ಟ 50 ಲಕ್ಷ ರೂಪಾಯಿ, 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ ನುಗ್ಗಿದ್ದು, ಇವೆರಡನ್ನೂ ನಾವು ಬಾಯಿಪಾಠವಾಗಿ ಬಲ್ಲೆವು. ಆದರೆ ನಮ್ಮ ಲ್ಯಾನ್ಸರ್ಸ್ ಈಜಿಪ್ಟಿನ ಕಡೆಗೆ ಹೋದ ಕಾಲದಲ್ಲೇ ಫ್ರಾನ್ಸಿನ ಕಂದಕಗಳಿಗೆ ಇಳಿದ ಬ್ರಿಟಿಷ್ ಇಂಡಿಯಾದ ಸಿಪಾಯಿಗಳು ಗಾಯಗೊಂಡಾಗ ಅವರನ್ನು ಎಲ್ಲಿ ಮಲಗಿಸಿದರು, ಅವರನ್ನು ನೋಡಲು ಯಾರು ಬಂದರು, ಏಕೆ ಬಂದರು ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ಸಿಗುವುದು ಒಂದೇ ಸಾಲು. ‘ಐದನೆಯ ಜಾರ್ಜ್ ದೊರೆ ಗಾಯಾಳುಗಳನ್ನು ಸಂದರ್ಶಿಸಿದನು’ ಎಂಬ ಆ ಸಾಲನ್ನು ಹಿಡಿದು ನಮ್ಮ ಓದುಗುಂಪಿನಲ್ಲಿ ಒಬ್ಬರು, ಅದು ಕರುಣೆಯೋ ರಾಜಕಾರಣವೋ ಎಂದು ಕೇಳಿದರು. ಬಂದವನ ಕಡೆಯಿಂದಷ್ಟೇ ನೋಡಿದರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಹಾಸಿಗೆಯ ಮೇಲಿದ್ದವನ ಕಡೆಯಿಂದಲೂ ನೋಡಬೇಕು ಎಂದು ನನಗನ್ನಿಸಿದ್ದರಿಂದ ಈ ಟಿಪ್ಪಣಿ.

1914ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತೀಯ ಪಡೆ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಅಕ್ಟೋಬರಿನಲ್ಲೇ ಮುಂಚೂಣಿಗೆ ಹೋಯಿತು. ಗಾಯಾಳುಗಳ ಸಂಖ್ಯೆ ಏರಿದಂತೆ ಅವರನ್ನು ಕಡಲ್ಗಾಲುವೆ ದಾಟಿಸಿ ಇಂಗ್ಲೆಂಡಿನ ದಕ್ಷಿಣ ತೀರದ ಊರುಗಳಿಗೆ ಕರೆತಂದರು. ಅಂಥ ಊರುಗಳಲ್ಲಿ ಒಂದಾದ ಬ್ರೈಟನ್ನಿನ ರಾಯಲ್ ಪೆವಿಲಿಯನ್ ಎಂಬ ಹಳೆಯ ಅರಮನೆ 1914ರ ಡಿಸೆಂಬರಿನಲ್ಲಿ ಆಸ್ಪತ್ರೆಯಾಯಿತು. ಆ ಕಟ್ಟಡವನ್ನು ಕಲ್ಪಿಸಿಕೊಳ್ಳಲು ಮೈಸೂರಿನವರು ಹೆಚ್ಚು ಕಷ್ಟಪಡಬೇಕಾಗಿಲ್ಲ. ಹೆನ್ರಿ ಇರ್ವಿನ್ ನಕ್ಷೆ ಬರೆದು 1912ರಲ್ಲಿ ಮುಗಿದ ನಮ್ಮ ಅಂಬಾವಿಲಾಸದ ಹಾಗೆಯೇ, ಅದಕ್ಕೂ ಸುಮಾರು 90 ವರ್ಷ ಮೊದಲು ಜಾನ್ ನ್ಯಾಶ್ ರೂಪಿಸಿದ ಪೆವಿಲಿಯನ್ ಕೂಡ ಇಂಗ್ಲಿಷ್ ವಾಸ್ತುಶಿಲ್ಪಿಯೊಬ್ಬನ ಕಣ್ಣಿಗೆ ಕಂಡ ಹಿಂದೂಸ್ತಾನವೇ. ಗುಮ್ಮಟ, ಮಿನಾರು, ಜಾಲಂಧ್ರ ಎಲ್ಲವೂ ಅಲ್ಲಿವೆ. ಅದರ ದೀಪಗುಚ್ಛಗಳ ಕೆಳಗೆ ಸಾಲಾಗಿ ಕಬ್ಬಿಣದ ಮಂಚಗಳನ್ನು ಹಾಕಿದರು. ಜಾತಿ ಮತಗಳಿಗೆ ತಕ್ಕಂತೆ ಒಂಬತ್ತು ಅಡುಗೆಮನೆಗಳಿದ್ದವು, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿಗಳಿದ್ದವು, ಸೂಚನಾಫಲಕಗಳು ಉರ್ದು, ಹಿಂದಿ ಮತ್ತು ಗುರುಮುಖಿಯಲ್ಲಿದ್ದವು. 1857ರಲ್ಲಿ ಕೊಬ್ಬು ಸವರಿದ ತೋಟಾಗಳಿಂದ ಎದ್ದ ಸಿಪಾಯಿ ದಂಗೆಯನ್ನು ಮರೆಯದ ಆಡಳಿತಕ್ಕೆ ಇಂಥ ಎಚ್ಚರ ಸಹಜವೇ ಆಗಿತ್ತು.

ಇಲ್ಲಿ ಪರೀಕ್ಷೆಗೆ ಓದುವವರು ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ‘ಚಕ್ರವರ್ತಿ ತನ್ನ ಅರಮನೆಯನ್ನೇ ಗಾಯಾಳುಗಳಿಗೆ ಬಿಟ್ಟುಕೊಟ್ಟ’ ಎಂಬ ಮಾತು ಸಿಪಾಯಿಗಳ ನಡುವೆ ಹಬ್ಬಿತು. ನಮ್ಮ ಆಸ್ಪತ್ರೆ ಇರುವುದು ದೊರೆಯ ಸಿಂಹಾಸನವಿದ್ದ ಜಾಗದಲ್ಲಿ ಎಂದು ಒಬ್ಬ ಊರಿಗೆ ಕಾಗದವನ್ನೂ ಬರೆದ. ನಿಜವೆಂದರೆ ವಿಕ್ಟೋರಿಯಾ ರಾಣಿಯ ಕಾಲದಲ್ಲೇ, 1850ರಲ್ಲಿ, ಬ್ರೈಟನ್ ಊರಿನವರು 53,000 ಪೌಂಡಿಗೆ ಅದನ್ನು ಕೊಂಡುಕೊಂಡಿದ್ದರು, ಅಂದರೆ ಐದನೆಯ ಜಾರ್ಜ್ ಹುಟ್ಟುವ ಮೊದಲೇ ಅದು ರಾಜಮನೆತನದ ಕೈಬಿಟ್ಟಿತ್ತು. ಹೀಗಿದ್ದೂ ಆ ಕತೆಯನ್ನು ತಿದ್ದುವ ಆತುರವನ್ನು ಯಾರೂ ತೋರಲಿಲ್ಲ. ಆಸ್ಪತ್ರೆಯ ಚಿತ್ರಗಳಿದ್ದ ಪುಸ್ತಿಕೆಯೊಂದು ಗುರುಮುಖಿ ಮತ್ತು ಉರ್ದುವಿನಲ್ಲಿಯೂ ಅಚ್ಚಾಯಿತು. ಇದಕ್ಕೆ ಕಾರಣವಿತ್ತು. 1914ರ ನವೆಂಬರಿನಲ್ಲಿ ಮುಸ್ಲಿಮರ ಖಲೀಫನೂ ಆಗಿದ್ದ ತುರ್ಕಿಯ ಸುಲ್ತಾನ ಬ್ರಿಟನ್ನಿನ ಎದುರು ಬಣದಲ್ಲಿ ನಿಂತು ಜಿಹಾದ್ ಸಾರಿದ್ದ. ಪಂಜಾಬಿನ ಹಳ್ಳಿಗಳಿಂದ ಹೊಸ ಭರ್ತಿ ನಿಲ್ಲದೆ ನಡೆಯಬೇಕಾಗಿತ್ತು. ಭಾರತೀಯ ಗಾಯಾಳುಗಳ ಉಸ್ತುವಾರಿಗೆ ಬ್ರಿಟಿಷ್ ಯುದ್ಧಮಂತ್ರಿ ಕಿಚನರ್ ನೇಮಿಸಿದ್ದು ವೈದ್ಯನನ್ನಲ್ಲ, ಒಮ್ಮೆ ವೈಸರಾಯ್ ಕರ್ಜನ್ನನ ಆಪ್ತ ಕಾರ್ಯದರ್ಶಿಯಾಗಿದ್ದ ಸರ್ ವಾಲ್ಟರ್ ಲಾರೆನ್ಸ್ ಎಂಬ ಆಡಳಿತಗಾರನನ್ನು. ನನ್ನ ಮಟ್ಟಿಗೆ ಈ ನೇಮಕವೇ ಅರ್ಧ ಉತ್ತರ.

ಭೇಟಿಗಳ ಲೆಕ್ಕ ಹೇಳುವುದು ಸುಲಭ. 1914ರ ಡಿಸೆಂಬರ್ ಮೊದಲ ವಾರ ದೊರೆ ಫ್ರಾನ್ಸಿಗೇ ಹೋಗಿ ಗಢವಾಲಿ ನಾಯಕ್ ದರ್ವಾನ್ ಸಿಂಗ್ ನೇಗಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸನ್ನು ತನ್ನ ಕೈಯಾರೆ ತೊಡಿಸಿದ. 1915ರ ಜನವರಿಯಲ್ಲಿ ಮೇರಿ ರಾಣಿಯೊಂದಿಗೆ ಬ್ರೈಟನ್ನಿನ ವಾರ್ಡುಗಳಲ್ಲಿ ನಡೆದು ಹೋದ. ಆಗಸ್ಟಿನಲ್ಲಿ ಪದಕಗಳನ್ನು ಕೊಡಲು ಮತ್ತೆ ಬಂದ. ಯುದ್ಧ ಮುಗಿಯುವ ಹೊತ್ತಿಗೆ ಅವನು ಮಾಡಿದ ಆಸ್ಪತ್ರೆ ಭೇಟಿಗಳು ಸುಮಾರು 300 ಎನ್ನುತ್ತಾರೆ. 1915ರ ಅಕ್ಟೋಬರಿನಲ್ಲಿ ಫ್ರಾನ್ಸಿನಲ್ಲಿ ಪಡೆ ಪರಿಶೀಲಿಸುವಾಗ ಕುದುರೆಯಿಂದ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು, ಅವನೇ ರೋಗಿಯಾಗಿ ಮಲಗಿದ್ದೂ ಉಂಟು.

ಆಗಸ್ಟಿನ ಆ ಸಮಾರಂಭವನ್ನು ಮಾತ್ರ ಹತ್ತಿರದಿಂದ ನೋಡಬೇಕು. ಪೆವಿಲಿಯನ್ನಿನ ಹುಲ್ಲುಹಾಸಿನ ಮೇಲೆ ವಿಕ್ಟೋರಿಯಾ ಕ್ರಾಸ್ ಪಡೆದವನು ಗಡಿಪ್ರಾಂತ್ಯದ ಅಫ್ರಿದಿ ಪಠಾಣ, ಜಮಾದಾರ ಮೀರ್ ದಸ್ತ್. ಏಪ್ರಿಲ್ 26ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನರು ವಿಷಾನಿಲ ಬಿಟ್ಟಾಗ, ಮೇಲಿನ ಬ್ರಿಟಿಷ್ ಅಧಿಕಾರಿಗಳು ಬಿದ್ದುಹೋದ ಮೇಲೂ ಇವನು ಚೆದುರಿದವರನ್ನೆಲ್ಲ ಸೇರಿಸಿಕೊಂಡು ಹಿಂದೆ ಸರಿಯಲು ಅಪ್ಪಣೆ ಬರುವವರೆಗೆ ನೆಲೆ ಬಿಡಲಿಲ್ಲ. ಆಮೇಲೆ ಗುಂಡಿನ ಮಳೆಯಲ್ಲಿ ಎಂಟು ಮಂದಿ ಬ್ರಿಟಿಷ್ ಮತ್ತು ಭಾರತೀಯ ಅಧಿಕಾರಿಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲು ನೆರವಾದ. ಅವನ ಸೋದರ ಮೀರ್ ಮಸ್ತ್ ಅದೇ ವರ್ಷದ ಮಾರ್ಚಿನಲ್ಲಿ ಕಂದಕ ದಾಟಿ ಜರ್ಮನರನ್ನು ಸೇರಿಕೊಂಡಿದ್ದ. ಒಂದೇ ಮನೆಯ ಒಬ್ಬ ಎದುರು ಪಾಳೆಯಕ್ಕೆ ಹೋಗಿರುವಾಗ ಇನ್ನೊಬ್ಬನ ಎದೆಗೆ ಚಕ್ರವರ್ತಿ ಪದಕ ಚುಚ್ಚಿದ ಎಂಬುದನ್ನು ನೆನಪಿಟ್ಟುಕೊಂಡರೆ ಆ ಸಮಾರಂಭದ ತೂಕ ಅರಿವಾಗುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ದೊರೆಯ ಎದುರು ನಿಂತಾಗ ಮೀರ್ ದಸ್ತ್ ಒಂದು ಅಹವಾಲು ಮುಂದಿಟ್ಟ: ಒಮ್ಮೆ ಗಾಯಗೊಂಡು ಗುಣವಾದವರನ್ನು ಮತ್ತೆ ಮುಂಚೂಣಿಗೆ ಕಳುಹಿಸಬಾರದು. ವಾರ್ಡುಗಳಲ್ಲಿದ್ದ ನೂರಾರು ಸಿಪಾಯಿಗಳ ಸಂಕಟ ಅದೇ ಆಗಿತ್ತು. ಕೃತಜ್ಞತೆಯನ್ನು ತೋರಿಸಲೆಂದೇ ಏರ್ಪಡಿಸಿದ್ದ ಜಾಗದಲ್ಲಿ ಆ ರೋಗಿ ಭೇಟಿಯನ್ನು ದರ್ಬಾರಾಗಿ ಮಾಡಿಕೊಂಡ.

ದೊಡ್ಡವರು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬೀಳುವುದು, ಹಾಸಿಗೆಯ ಮೇಲೆ ಹೊಸ ದುಪ್ಪಟಿ ಕಾಣಿಸುವುದು ನಮಗೆ ತಿಳಿಯದ್ದೇನಲ್ಲ. ಮಂಡ್ಯದ ಕಡೆಯ ಒಂದು ಆಸ್ಪತ್ರೆಯಲ್ಲಿ ನಮ್ಮ ಅಜ್ಜಿಯ ಮಂಚಕ್ಕೆ ಬಂದ ಹೊಸ ದುಪ್ಪಟಿ ಮಂತ್ರಿಗಳ ಕಾರು ಗೇಟು ದಾಟಿದ ಮೇಲೆ ಬೀರು ಸೇರಿದ್ದನ್ನು ನಾನೇ ಕಂಡಿದ್ದೇನೆ. ಬ್ರೈಟನ್ನಿನಲ್ಲಿಯೂ ಕ್ಯಾಮೆರಾ ಪೆವಿಲಿಯನ್ನಿನ ಗುಮ್ಮಟಗಳನ್ನು ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಅದೇ ಊರಿನಲ್ಲಿ, ಹಿಂದೆ ನಿರ್ಗತಿಕರನ್ನು ಇರಿಸುತ್ತಿದ್ದ ಕಟ್ಟಡದಲ್ಲಿ ತೆರೆದ ಕಿಚನರ್ ಆಸ್ಪತ್ರೆಯ ಸುತ್ತ ಮುಳ್ಳುತಂತಿ ಇತ್ತು. ಅಲ್ಲಿಯವರು ಅಪ್ಪಣೆಯಿಲ್ಲದೆ ಊರೊಳಗೆ ಕಾಲಿಡುವಂತಿರಲಿಲ್ಲ. ಗಾಯಗೊಂಡ ಭಾರತೀಯ ಯೋಧನ ಪಕ್ಕ ಇಂಗ್ಲಿಷ್ ನರ್ಸ್ ನಿಂತಿದ್ದ ಚಿತ್ರವೊಂದು 1915ರಲ್ಲಿ ಪತ್ರಿಕೆಯಲ್ಲಿ ಬಂದದ್ದೇ ದೊಡ್ಡ ಗುಲ್ಲಾಗಿ, ಬಿಳಿಯ ನರ್ಸುಗಳು ಭಾರತೀಯರ ಶುಶ್ರೂಷೆ ಮಾಡದಂತೆ ನಿರ್ಬಂಧ ಬಂತು. ಸಿಪಾಯಿಗಳು ಮನೆಗೆ ಹೋಗಲು ತಾವೇ ಕೈಗೆ ಗುಂಡು ಹೊಡೆದುಕೊಳ್ಳುತ್ತಾರೆ ಎಂಬ ಗುಮಾನಿಯೂ ಇತ್ತು. ಕಿಚನರ್ ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಬ್ರೂಸ್ ಸೀಟನ್ 1,000 ಗಾಯಗಳನ್ನು ವಿಶ್ಲೇಷಿಸಿ, ಆ ಗುಮಾನಿಗೆ ಆಧಾರವಿಲ್ಲವೆಂದು ವರದಿ ಕೊಟ್ಟ. ಮುಳ್ಳುತಂತಿಯ ಆಡಳಿತ ನಡೆಸಿದವನೇ ಈ ವರದಿಯನ್ನೂ ಬರೆದ ಎಂಬುದನ್ನು ಬಿಡದೆ ಗುರುತು ಹಾಕಿಕೊಳ್ಳಿ.

ಆಕರಗಳ ಬಗ್ಗೆ ಒಂದು ಎಚ್ಚರಿಕೆ. ಸಿಪಾಯಿಗಳ ಕಾಗದಗಳನ್ನು ಸೆನ್ಸಾರ್ ಕಚೇರಿ ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಇಟ್ಟುಕೊಂಡಿತ್ತು. ನಮಗೆ ಸಿಗುವುದು ಬಹುಪಾಲು ಆ ಅನುವಾದಗಳೇ. ಎಷ್ಟೋ ಮಂದಿ ಹೇಳಿ ಬರೆಸಿದವರು, ತಮ್ಮ ಮಾತಿಗೆ ಸರ್ಕಾರದ ಕಿವಿಯಿದೆ ಎಂದು ಬಲ್ಲವರು. ಹಾಗಾಗಿ ದೊರೆಯನ್ನು ಕೊಂಡಾಡುವ ಸಾಲುಗಳನ್ನು ತುಸು ಜರಡಿ ಹಿಡಿದೇ ಓದಬೇಕು.

1915ರ ಕೊನೆಗೆ ಭಾರತೀಯ ಕಾಲಾಳುಗಳನ್ನು ಫ್ರಾನ್ಸಿನಿಂದ ತೆಗೆದು ಮೆಸೊಪೊಟೇಮಿಯಾಕ್ಕೆ ಕಳುಹಿಸಿದ್ದರಿಂದ 1916ರ ಜನವರಿಯಲ್ಲಿ ಪೆವಿಲಿಯನ್ನಿನ ಭಾರತೀಯ ವಾರ್ಡುಗಳು ಮುಚ್ಚಿದವು. ಅಷ್ಟರಲ್ಲಿ ಅಲ್ಲಿ ಸುಮಾರು 2,300 ಮಂದಿ ಚಿಕಿತ್ಸೆ ಪಡೆದಿದ್ದರು. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ದಹನ ಮಾಡಿದ ಜಾಗದಲ್ಲಿ 1921ರಿಂದ ‘ಛತ್ರಿ’ ಎಂಬ ಬಿಳಿಯ ಸ್ಮಾರಕಮಂಟಪ ನಿಂತಿದೆ. ಮೀರ್ ದಸ್ತನ ಕಾಗದವೂ ಸೆನ್ಸಾರಿನ ಕಡತದಲ್ಲಿ ಉಳಿದಿದೆ. ವಿಕ್ಟೋರಿಯಾ ಕ್ರಾಸ್ ಬಲು ಒಳ್ಳೆಯದೇ, ಆದರೆ ಈ ವಿಷಗಾಳಿ ತನಗೆ ನೆಮ್ಮದಿ ಕೊಡುತ್ತಿಲ್ಲ, ತನ್ನ ಕತೆ ಮುಗಿಸಿದೆ ಎಂದು ಅದರಲ್ಲಿದೆ.