ಪೆಪ್ಟೈಡ್ ಹಚ್ಚಿದ ಇಂಪ್ಲಾಂಟ್ ಬರುವ ತನಕ ಕಾಯಬೇಕಾ?

ಪ್ರಶ್ನೆ: ಅಮ್ಮನಿಗೆ ದವಡೆ ಹಲ್ಲಿನ ಇಂಪ್ಲಾಂಟ್ ಹಾಕಿಸಬೇಕು. ಸ್ಕ್ರೂ ಕೂರಿಸಿ ನಾಲ್ಕು ತಿಂಗಳಾದ ಮೇಲೆ ಹಲ್ಲು ಅಂದರು ಡಾಕ್ಟರ್. ಪೆಪ್ಟೈಡ್ ಹಚ್ಚಿದರೆ ಬೇಗ ಕೂರುತ್ತದಂತೆ. ಅದಕ್ಕೆ ಕಾಯೋಣವೇ? (ಓದುಗರು, ಬಸವನಗುಡಿ)

ಕಾಯಬೇಡಿ. ಆದರೆ ನೀವು ಕೇಳಿರುವ ಸಂಗತಿ ಸುಮ್ನೆ ಹುಟ್ಟಿದ್ದಲ್ಲ.

ಇಂಪ್ಲಾಂಟಿನ ಸ್ಕ್ರೂ ಸಾಮಾನ್ಯವಾಗಿ ಟೈಟಾನಿಯಂ ಲೋಹದ್ದು. ಈ ಲೋಹ ಮೂಳೆಯ ಜೊತೆ ಬೆಸೆದುಕೊಳ್ಳುತ್ತದೆ ಎಂದು 1950ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಬ್ರೊನೆಮಾರ್ಕ್ ಮೊಲಗಳಲ್ಲಿ ಕಂಡರು. 1965ರಲ್ಲಿ ಮನುಷ್ಯನ ದವಡೆಗೆ ಹಾಕಿದರು. ಆ ಬೆಸುಗೆಗೇ ತಿಂಗಳುಗಟ್ಟಲೆ ಬೇಕು. ಮೂಳೆಯ ಜೀವಕೋಶಗಳು ಬಂದು, ಅಂಟಿ, ಹೊಸ ಮೂಳೆ ಕಟ್ಟಬೇಕಲ್ವಾ?

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಪುಟ್ಟ ಸರ. ಟೈಟಾನಿಯಂ ಹಿಡಿಯುವ ಸರವನ್ನು ಹುಡುಕಿದ ರೀತಿ ನನಗೆ ತುಂಬಾ ಇಷ್ಟ. ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್‌ಗಳ ಮೈಮೇಲೆ ಒಂದೊಂದಕ್ಕೆ ಒಂದೊಂದು ಸರ ತೊಡಿಸುತ್ತಾರೆ. ಕೋಟಿಗಟ್ಟಲೆ ವೈರಸ್‌ಗಳನ್ನು ಟೈಟಾನಿಯಂ ಮೇಲೆ ಸುರಿದು ತೊಳೆಯುತ್ತಾರೆ. ಅಂಟಿ ಉಳಿದವನ್ನು ಬೆಳೆಸಿ ಮತ್ತೆ ಸುರಿಯುತ್ತಾರೆ, ಮತ್ತೆ ತೊಳೆಯುತ್ತಾರೆ. ಅಕ್ಕಿ ಕೇರಿದ ಹಾಗೆ. ಜಪಾನಿನ ವಿಜ್ಞಾನಿಗಳಾದ ಸಾನೊ ಮತ್ತು ಶಿಬಾ 2003ರಲ್ಲಿ ಹೀಗೆ ಸಿಕ್ಕ ಸರವನ್ನು ಪ್ರಕಟಿಸಿದರು. ಅದರಲ್ಲಿ ಹಿಡಿತದ ಕೆಲಸಕ್ಕೆ ಆರೇ ಅಮೈನೋ ಆಮ್ಲ ಸಾಕು. ಟೈಟಾನಿಯಂ ಮೇಲೆ ಸದಾ ತೆಳ್ಳನೆಯ ಆಕ್ಸೈಡ್ ಪದರ ಇರುತ್ತದೆ. ಸರದಲ್ಲಿರುವ ಆರ್ಜಿನೀನ್‌ನ ಧನ ಆವೇಶ, ಆಸ್ಪಾರ್ಟಿಕ್ ಆಮ್ಲದ ಋಣ ಆವೇಶ ಆ ಪದರದ ವಿರುದ್ಧ ಆವೇಶಗಳನ್ನು ಹಿಡಿಯುತ್ತವೆ. ವಿಚಿತ್ರ ನೋಡಿ, ಇದು ಬೆಳ್ಳಿಗೂ ಅಂಟುತ್ತದೆ, ಚಿನ್ನಕ್ಕೆ ಅಂಟುವುದಿಲ್ಲ.

ಬರೀ ಅಂಟಿದರೆ ಏನು ಬಂತು? ಸರದ ಇನ್ನೊಂದು ತುದಿಗೆ ಬೇರೆ ಕೆಲಸ ಕೊಡಬಹುದು. ಜೀವಕೋಶಗಳು ಹಿಡಿದುಕೊಳ್ಳುವ ಆರ್‌ಜಿಡಿ ಎಂಬ ಮೂರು ಅಮೈನೋ ಆಮ್ಲಗಳ ತುಣುಕನ್ನೋ, ಬ್ಯಾಕ್ಟೀರಿಯಾ ಕೊಲ್ಲುವ ತುಣುಕನ್ನೋ ಜೋಡಿಸಬಹುದು. ಎರಡೂ ಕಡೆ ಅಂಟಿರುವ ಟೇಪ್ ಇದ್ದ ಹಾಗೆ. ಇಂಪ್ಲಾಂಟ್ ಸುತ್ತ ಸೋಂಕಾಗಿ ಮೂಳೆ ಕರಗುವವರ ಕಷ್ಟ ನೋಡಿದರೆ, ನನಗೆ ಈ ಎರಡನೆಯದರ ಮೇಲೇ ಆಸೆ ಜಾಸ್ತಿ.

ಆದರೆ ಈ ಕೆಲಸ ಬಹುಪಾಲು ಲ್ಯಾಬಿನಲ್ಲಿ, ಪ್ರಾಣಿಗಳಲ್ಲಿ ನಡೆದಿದೆ. ಸ್ಕ್ರೂ ಮೂಳೆಗೆ ತಿರುಗಿಸುವಾಗ ಲೇಪ ಉಜ್ಜಿಹೋಗಬಾರದು. ದೇಹದ ಕಿಣ್ವಗಳು ಸರವನ್ನು ಕತ್ತರಿಸಬಾರದು. ಇವೆಲ್ಲ ಸುಲಭವಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಹಲ್ಲು ಕಿತ್ತ ಜಾಗವನ್ನು ವರ್ಷಗಟ್ಟಲೆ ಖಾಲಿ ಬಿಟ್ಟರೆ ಅಲ್ಲಿನ ಮೂಳೆ ಸವೆಯುತ್ತದೆ. ಈಗಲೇ ಹಾಕಿಸಿ. ನಡುವೆ ಕಡಲೆಕಾಯಿ ಪರಿಷೆ ಬಂದರೆ, ಬೇಯಿಸಿದ್ದನ್ನು ಇನ್ನೊಂದು ಕಡೆಯಿಂದ ಮೆಲ್ಲಲಿ.